ಅಕ್ಷರಕ್ಕೆ ನಲವತ್ತು

ಕಲ್ಪಳ್ಳಿ ಸ್ಮಶಾನದ ಗೋಡೆಗೆ ಬೆನ್ನು ಕೊಟ್ಟು
ನನ್ನ ಅಂಗಡಿ. ಅಂಗಡಿ ಅಂದರೆ
ಒಂದು ನೀಲಿ ಟಾರ್ಪಾಲು, ಆರು ಉಳಿ,
ಸಾದರಹಳ್ಳಿಯ ಬೂದು ಕಲ್ಲು.
ಅಕ್ಷರಕ್ಕೆ ನಲವತ್ತು ರೂಪಾಯಿ.
ಒತ್ತಿಗೆ ಬೇರೆ ಕಾಸಿಲ್ಲ. ಶಿಲುಬೆ ಪುಕ್ಕಟೆ.

ಮಂಗಳವಾರ ಚೌರಪ್ಪ ಬಂದ, ಕೈಯಲ್ಲಿ ಐದು ಕಾಗದ,
ಐದರಲ್ಲೂ ಅವನ ತಾಯಿ,
ಐದರಲ್ಲೂ ಬೇರೆ ಬೇರೆ.

ಇಗರ್ಜಿಯ ಪುಸ್ತಕದಲ್ಲಿ ಬೆರ್ನಾರ್ದೆತ್ತ.
ರೇಷನ್ ಕಾರ್ಡಿನಲ್ಲಿ ಬರನಾದಮ್ಮ.
ಆಧಾರಿನಲ್ಲಿ ಬರ್ನ ಡೆಟ್, ನಡುವೆ ಒಂದು ಸಂದು,
ಬೆರಳಚ್ಚಿನ ಹುಡುಗ ಅಲ್ಲಿ ಆಕಳಿಸಿದ ಹಾಗೆ.
ಮತದಾರರ ಪಟ್ಟಿಯಲ್ಲಿ ಬರ್ನಾಡ್, ಲಿಂಗ: ಪುರುಷ.
"ಹಂಗೇ ಓಟು ಹಾಕಿ ಬರೋಳು ಆಚಾರೀ, ಒಂದು ಸಲಾನೂ ತಪ್ಪಿಸ್ತಿರಲಿಲ್ಲ."
ಐದನೆಯದು ಹಾಲಿನವನ ಲೆಕ್ಕದ ಚೀಟಿ.
ಅದರಲ್ಲಿ ಬೆಣ್ಣೆತ್ತಮ್ಮ.

ಯಾರು ಇಟ್ಟರಪ್ಪ ಈ ಹೆಸರು, ಅಂದೆ.

ಅಜ್ಜಿ ಫ್ರೆಂಚ್ ಮದರುಗಳ ಮಠದಲ್ಲಿ ಇಸ್ತ್ರಿ ಮಾಡುತ್ತಿದ್ದಳಂತೆ.
ತೋಟದ ಮೂಲೆಯಲ್ಲಿ ಸಿಮೆಂಟಿನ ಗವಿ,
ಗವಿಯಲ್ಲಿ ನೀಲಿ ನಡುಪಟ್ಟಿಯ ಮಾತೆ,
ಎದುರಿಗೆ ಮಂಡಿಯೂರಿದ ಒಂದು ಹುಡುಗಿ,
ಸೌದೆ ಆರಿಸಲು ಹೋದವಳು.
ಮಾತೆಯ ಹೆಸರಿಡಲು ಅಜ್ಜಿಗೆ ಅಂಜಿಕೆ.
ಸೌದೆಯವಳು ನಮ್ಮ ಪೈಕಿ ಅಂದುಕೊಂಡಳು.

ಮಠದಲ್ಲಿ ಅದು ಬೆರ್ನದೆತ್. ಕೊನೆಯಲ್ಲಿ ನಾಲಿಗೆ
ಹಲ್ಲಿಗೆ ತಾಗಿ ನಿಂತುಬಿಡುತ್ತದೆ, ಬಾಗಿಲು ಹಾಕಿದ ಹಾಗೆ.
ಕನ್ನಡಕ್ಕೆ ಹಾಗೆ ನಿಲ್ಲುವುದು ಗೊತ್ತಿಲ್ಲ.
ಗೇಟು ದಾಟುವಷ್ಟರಲ್ಲಿ ಒಂದು ಅಮ್ಮ ಅಂಟಿತು,
ಲಿಂಗರಾಜಪುರ ಮುಟ್ಟುವಷ್ಟರಲ್ಲಿ ಒಳಗೆ ಬೆಣ್ಣೆ ಬಂದಿತ್ತು.
ಹೊಸ ಸೊಸೆಯರು ಬಟ್ಟಲು ಹಿಡಿದು ಬಾಗಿಲಿಗೆ ಬರೋರಂತೆ,
ಕಾಲು ಕೇಜಿ ಕೊಡೀಮ್ಮ ಅಂತ.
ಆ ಮನೆ ಬೆಣ್ಣೆ ಕಂಡದ್ದು
ಕ್ರಿಸ್ಮಸ್ಸಿನ ಕಲ್ಕಲ್ ಹಿಟ್ಟಿಗೆ, ವರ್ಷಕ್ಕೊಂದು ಸಲ.

ಅವಳು ಹೆರಿಗೆ ವಾರ್ಡಿನ ಆಯಾ, ಮೂವತ್ತೊಂದು ವರ್ಷ.
ಮೈತುಂಬ ಬಿಳಿ ಜಿಡ್ಡು ಮೆತ್ತಿಕೊಂಡು
ಜಾರುತ್ತ ಬಂದ ಬಿಸಿ ಕೂಸುಗಳನ್ನು
ಎರಡೂ ಅಂಗೈಯಲ್ಲಿ ಎತ್ತಿಕೊಂಡವಳು.

ಒಮ್ಮೆ ಮುದುಕಿ ಸಿಸ್ಟರೊಬ್ಬರು ಅರ್ಥ ಬಿಡಿಸಿದ್ದರಂತೆ:
ಆ ಕಡೆಯ ಹಳೇ ಕಾಡುಮಾತಿನಲ್ಲಿ
ಮೊದಲ ತುಂಡು ಕರಡಿ, ಎರಡನೆಯದು ಗಟ್ಟಿ.
ಗಂಡಸರ ಹೆಸರು. ಫ್ರೆಂಚರು ಅದರ ಬಾಲಕ್ಕೆ
ಒಂದು ಕುಚ್ಚು ಕಟ್ಟಿ ಹೆಣ್ಣು ಮಾಡಿದರು,
ನಾವು ಪುಟ್ಟಿ ಅಂತ ಸೇರಿಸುವ ಹಾಗೆ.
ಕರಡಿಪುಟ್ಟಿ!
ಅಮ್ಮ ನಕ್ಕೂ ನಕ್ಕೂ ಕೆಮ್ಮಿದಳಂತೆ.
ಕುಡಿದು ವಾರ್ಡಿಗೆ ನುಗ್ಗಿದ ಗಂಡಂದಿರಿಗೆ,
ಒರೆಸುವ ಕೋಲಿನ ಏಟು ತಿಂದವರಿಗೆ,
ಆ ಅರ್ಥ ಮೊದಲೇ ಗೊತ್ತಿತ್ತು.

ಸಾವಿಗೆ ಒಂದು ಆಟೋ ಬಂದಿತ್ತಂತೆ,
ಹಿಂದುಗಡೆ ಬೆಣ್ಣೆತ್ತಮ್ಮ ಪ್ರಸನ್ನ.
ಅವಳ ಕೈಯಲ್ಲಿ ಹುಟ್ಟಿದವನು,
ಯಾವುದೋ ಊರಮ್ಮ ಅಂದುಕೊಂಡೇ ಜನ ಕೈ ಮುಗಿಯುತ್ತಾರಂತೆ.
ಷಂಷಾದ್ ಬಂದಿದ್ದಳು ಮಗಳ ಕೈ ಹಿಡಿದು;
ಆ ಹುಡುಗಿಯನ್ನು ಮನೆಯಲ್ಲಿ ಕರೆಯುವುದು ಬೆಣ್ಣೆ.

ನನ್ನ ಎರಡನೆಯವಳೂ ಅದೇ ವಾರ್ಡಿನವಳು.
ಎತ್ತಿದ ಕೈ ಯಾರದೆಂದು ಆವತ್ತು ಕೇಳಲಿಲ್ಲ.
ಹೆಣ್ಣು ಅಂದರು, ಬೀಡಿ ಹಚ್ಚಲು ಹೊರಗೆ ಹೋದೆ.

ಚೌರಪ್ಪನ ತಂಗಿಗೆ ಇಂಗ್ಲಿಷೇ ಬೇಕು.
ಲೆಕ್ಕ ಹಾಕಿದೆ: ಹತ್ತು ಅಕ್ಷರ, ನಾನೂರು.
ಕೊನೆಯದನ್ನು ಬಾಯಲ್ಲಿ ಯಾರೂ ಅನ್ನುವುದಿಲ್ಲ,
ಕಲ್ಲಿಗೆ ಮಾತ್ರ ಅದೂ ನಲವತ್ತೇ.
ಕನ್ನಡದಲ್ಲಿ ಬರ್ನದೆತ್ ನಾಲ್ಕು. ಬೆಣ್ಣೆತ್ತಮ್ಮನೂ ನಾಲ್ಕು.
ಎರಡಕ್ಕೂ ನೂರ ಅರವತ್ತು, ನೀನೇ ಹೇಳು.

ಐದೂ ಕಾಗದವನ್ನು ಅವನು ಮತ್ತೆ ಜೋಡಿಸಿದ,
ಇಸ್ಪೀಟಿನ ಎಲೆಯಂತೆ ಬಿಡಿಸಿದ, ಮಡಿಸಿದ.
"ಕೂಗಿದರೆ ತಿರುಗಿ ನೋಡೋ ಹೆಸರು ಬರಿ."

ಮೊದಲು ಬೆ.
ಆಮೇಲೆ ಣ, ಅದರ ಸೊಂಟದಲ್ಲಿ ಇನ್ನೊಂದು.
ತ, ಅದರ ಕಾಲಡಿ ಪುಟ್ಟ ತ.
ಮ, ಅದಕ್ಕೂ ಒಂದು ಮರಿ.
ಕತ್ತಲಾಯಿತು. ಇಸವಿ ನಾಳೆಗೆ ಉಳಿಯಿತು.
ಬಿಳಿ ಹುಡಿ ಅಂಗೈಗೆ ಮೆತ್ತಿತ್ತು,
ನಲ್ಲಿಯಲ್ಲಿ ನೀರಿರಲಿಲ್ಲ, ಹಾಗೇ ಹೊರಟೆ.

ಎರಡನೆಯವಳು ಬಾಗಿಲು ತೆಗೆದಳು.